ಹವಳದ ತೊಟ್ಟಿಗೆ ಹೊಸ ಟ್ಯೂಬ್‌ಲೈಟ್: ಪಳಗಿಸಬೇಕಾದ್ದು ಯಾವುದನ್ನು?

ಮನೆಯ ಟ್ಯೂಬ್‌ಲೈಟ್ ಕೆಟ್ಟರೆ ನಾವೇನು ಮಾಡುತ್ತೇವೆ? ಅಂಗಡಿಯಿಂದ ಹೊಸದನ್ನು ತಂದು, ಸ್ಟೂಲ್ ಹತ್ತಿ ಸಿಕ್ಕಿಸಿ, ಸ್ವಿಚ್ ಹಾಕುತ್ತೇವೆ. ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕುವ ಅಮೆರಿಕ, ಯುರೋಪಿನ ಹವ್ಯಾಸಿಗಳಲ್ಲಿ ಹಲವರಿಗೆ ಇದು ಇಷ್ಟು ಸುಲಭದ ಕೆಲಸವಲ್ಲ. ಹೊಸ ಟ್ಯೂಬನ್ನು ನೇರವಾಗಿ ತೊಟ್ಟಿಯ ಮೇಲೆ ಹಾಕಬಾರದು, ಮೊದಲು ಗ್ಯಾರೇಜಿನಲ್ಲೋ ಬೇರೆ ಕೋಣೆಯಲ್ಲೋ 100 ಗಂಟೆ ಉರಿಸಿ 'ಪಳಗಿಸಬೇಕು', ಇಲ್ಲದಿದ್ದರೆ ಹವಳ ಸಾಯುತ್ತದೆ ಎನ್ನುವ ನಂಬಿಕೆ ಅವರಲ್ಲಿದೆ.

ಇದರಲ್ಲಿ ನಿಜವೆಷ್ಟು? ಅರ್ಧ ನಿಜ. ಆದರೆ ಆ ಅರ್ಧ ತಪ್ಪು ಜಾಗದಲ್ಲಿ ಕೂತಿದೆ.

ಮೊದಲು 100 ಗಂಟೆಯ ಲೆಕ್ಕ ಎಲ್ಲಿಂದ ಬಂತು ನೋಡೋಣ. ಇದು ಹವ್ಯಾಸಿಗಳು ಹುಟ್ಟಿಸಿದ ಸಂಖ್ಯೆಯಲ್ಲ. ಫ್ಲೋರೆಸೆಂಟ್ ದೀಪದ ಬೆಳಕನ್ನು ಪ್ರಯೋಗಾಲಯದಲ್ಲಿ ಅಳೆಯುವ ಮುನ್ನ ಅದನ್ನು 100 ಗಂಟೆ ಉರಿಸುವುದು ದೀಪೋದ್ಯಮದ ಹಳೆಯ ರೂಢಿ. ಪೆಟ್ಟಿಗೆಯ ಮೇಲೆ ಅಚ್ಚಾಗುವ 'ಆರಂಭಿಕ' ಬೆಳಕಿನ ಪ್ರಮಾಣ ಕೂಡ ಹೀಗೆ 100 ಗಂಟೆ ಉರಿದ ಮೇಲಿನದು. ಮಂದಗೊಳಿಸುವ ಡಿಮ್ಮರ್ ಇರುವ ಕಡೆಯೂ ಹೊಸ ಟ್ಯೂಬನ್ನು ಮೊದಲ 100 ಗಂಟೆ ಪೂರ್ಣ ಬೆಳಕಿನಲ್ಲೇ ಉರಿಸಿ ಎಂದು ತಯಾರಕರು ಹೇಳುವುದುಂಟು.

ಕಾರಣ ಟ್ಯೂಬಿನ ಒಳಗಿದೆ. ಎರಡೂ ತುದಿಗಳ ಫಿಲಮೆಂಟಿಗೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಷಿಯಂ ಆಕ್ಸೈಡುಗಳ ಲೇಪನ ಇರುತ್ತದೆ. ಅಲ್ಲಿಂದ ಹೊರಟ ಎಲೆಕ್ಟ್ರಾನುಗಳು ಪಾದರಸದ ಆವಿಗೆ ಬಡಿದಾಗ 254 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಕಿರಣ ಹುಟ್ಟುತ್ತದೆ. ಗಾಜಿನ ಒಳಗೋಡೆಗೆ ಬಳಿದ ಬಿಳಿಯ ಫಾಸ್ಫರ್ ಪುಡಿ ಆ ಕಿರಣವನ್ನು ನಮಗೆ ಕಾಣುವ ಬೆಳಕಾಗಿಸುತ್ತದೆ. (ಹೆಸರು ಕೇಳಿ ರಂಜಕ ಎಂದುಕೊಳ್ಳಬೇಡಿ, ಇದು ಬೇರೆ.) ಹೊಸ ಟ್ಯೂಬಿನಲ್ಲಿ ಪಾದರಸ ಇನ್ನೂ ಸರಿಯಾಗಿ ಹರಡಿಕೊಂಡಿರುವುದಿಲ್ಲ, ಅಲ್ಪಸ್ವಲ್ಪ ಕಲ್ಮಶ ಉಳಿದಿರುತ್ತದೆ. ಹೊಸದರಲ್ಲಿ ಕೆಲವು ಟ್ಯೂಬುಗಳ ಬೆಳಕು ಒಳಗೊಳಗೇ ಹಾವಿನಂತೆ ಸುಳಿದಾಡುವುದನ್ನು ನೀವೂ ನೋಡಿರಬಹುದು. ಒಂದಷ್ಟು ಹೊತ್ತು ಉರಿದ ಮೇಲೆ ಅದು ತಾನಾಗಿಯೇ ನಿಲ್ಲುತ್ತದೆ. ಇದೇ ಅವಧಿಯಲ್ಲಿ ಬೆಳಕೂ ಕೆಲವೇ ಶೇಕಡಾದಷ್ಟು ಇಳಿದು ಒಂದು ಹದಕ್ಕೆ ಬರುತ್ತದೆ.

ಟ್ಯೂಬ್ ಪಳಗುತ್ತದೆ ಎನ್ನುವುದೇನೋ ನಿಜವಾಯಿತು. ಅಷ್ಟರಿಂದ ಹವಳ ಉಳಿಯುತ್ತದೆಯೇ?

ಒಂದು ಸಣ್ಣ ಲೆಕ್ಕ ಹಾಕೋಣ. ಹೊಸ ಟ್ಯೂಬಿನ ಬೆಳಕು 100 ಎಂದಿರಲಿ. ವರ್ಷಗಟ್ಟಲೆ ಉರಿದ ಹಳೆಯದು ಈಗ 75 ಕೊಡುತ್ತಿದೆ ಎನ್ನೋಣ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಹವಳಕ್ಕೆ ಒಮ್ಮೆಲೇ ಮೂರನೇ ಒಂದರಷ್ಟು, ಅಂದರೆ ಶೇ. 33 ಹೆಚ್ಚು ಬೆಳಕು ಬೀಳುತ್ತದೆ. ಬೇರೆ ಕೋಣೆಯಲ್ಲಿ 100 ಗಂಟೆ ಉರಿಸಿ, ಅದರ ಬೆಳಕು 96ಕ್ಕೆ ಇಳಿದ ಮೇಲೆ ಹಾಕಿದರೆ? ಆಗಲೂ ಶೇ. 28 ಹೆಚ್ಚು. ದಿನಕ್ಕೆ ಹತ್ತು ಗಂಟೆಯಂತೆ ಹತ್ತು ದಿನ ಕಾದು, ಕರೆಂಟ್ ಸುಟ್ಟು, ಗಳಿಸಿದ್ದು ಇಷ್ಟೇ.

ಈ 33 ಅಥವಾ 28 ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಬಿಸಿಲಿನಿಂದ ನೆರಳಿಗೆ ಬಂದರೂ ಕ್ಷಣದಲ್ಲಿ ಹೊಂದಿಕೊಳ್ಳುವ ಕಣ್ಣು ನಮ್ಮದು. ಟ್ಯೂಬ್ ತಿಂಗಳುಗಟ್ಟಲೆ ನಿಧಾನವಾಗಿ ಮಂಕಾದದ್ದನ್ನು ಅದು ಗಮನಿಸಿಯೇ ಇರುವುದಿಲ್ಲ. ಆದರೆ ಹವಳ ಗಮನಿಸಿರುತ್ತದೆ.

ಹವಳ ಒಂದು ಪ್ರಾಣಿ. ಆದರೆ ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿರುತ್ತವೆ. ಅವು ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಆಹಾರದ ಬಹುಪಾಲು ಈ ಪ್ರಾಣಿಗೇ ಸಲ್ಲುತ್ತದೆ. ಹವಳದ ಕಂದುಬಣ್ಣವೂ ಈ ಬಾಡಿಗೆದಾರರದೇ. ಬೆಳಕು ಕಡಿಮೆಯಾದಾಗ ಪಾಚಿಗಳು ಕ್ಲೋರೋಫಿಲ್ ಹೆಚ್ಚಿಸಿಕೊಂಡು, ಇದ್ದ ಬೆಳಕನ್ನೆಲ್ಲ ಬಾಚಿಕೊಳ್ಳಲು ಸಜ್ಜಾಗುತ್ತವೆ. ಹೀಗೆ ಬರಗಾಲಕ್ಕೆ ತಯಾರಾದವರ ಮೇಲೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬೆಳಕಿನ ಮಳೆ ಸುರಿದರೆ, ಬಳಸಲಾಗದಷ್ಟು ಶಕ್ತಿ ಒಳಗೆ ಸೇರುತ್ತದೆ. ದ್ಯುತಿಸಂಶ್ಲೇಷಣೆಯ ಯಂತ್ರಾಂಗ ರಿಪೇರಿಗಿಂತ ವೇಗವಾಗಿ ಹಾಳಾಗುತ್ತದೆ, ಅಪಾಯಕಾರಿ ಆಕ್ಸಿಜನ್ ಕಣಗಳು ಹುಟ್ಟುತ್ತವೆ. ತನಗೆ ಅನ್ನ ಹಾಕುತ್ತಿದ್ದ ಪಾಚಿಯನ್ನೇ ಹವಳ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಸಮುದ್ರ ಬಿಸಿಯಾದಾಗ ಹವಳದ ದಿಬ್ಬಗಳು ಬಿಳಿಚಿಕೊಳ್ಳುವ ಹಿಂದೆಯೂ ಇದೇ ಜಗಳ ಇದೆ. ಅಲ್ಲಿ ಮುಖ್ಯ ಆರೋಪಿ ಶಾಖ, ಇಲ್ಲಿ ಬೆಳಕು.

ಹೀಗಾದಾಗ ಹವ್ಯಾಸಿಗಳು ಬೈಯುವುದು 'ಪಳಗದ ಟ್ಯೂಬಿನಿಂದ ಸೋರಿದ ಅತಿನೇರಳೆ ಕಿರಣ'ವನ್ನು. ಆದರೆ 254 ನ್ಯಾನೋಮೀಟರಿನ ಕಿರಣ ಸಾಮಾನ್ಯ ಟ್ಯೂಬಿನ ಗಾಜನ್ನು ದಾಟುವುದೇ ಇಲ್ಲ. ಹವಳದ ಮೇಲ್ಭಾಗ ಬಿಳಿಚಿಕೊಂಡು, ನೆರಳಿನಲ್ಲಿರುವ ಕೆಳಭಾಗ ಬಣ್ಣ ಉಳಿಸಿಕೊಂಡಿದ್ದರೆ, ಬೆಳಕು ಒಮ್ಮೆಲೇ ಅತಿಯಾಯಿತು ಎಂಬ ಅನುಮಾನವೇ ಮೊದಲು ಬರಬೇಕು.

ಬಣ್ಣದ ವಿಷಯದಲ್ಲಿ ಮಾತ್ರ ಹವ್ಯಾಸಿಗಳ ದೂರು ಪೂರ್ತಿ ಕಲ್ಪನೆಯಲ್ಲ. ನೀಲಿ ಬೆಳಕು ಕೊಡುವ ಫಾಸ್ಫರ್ ಹಸಿರು, ಕೆಂಪಿನವಕ್ಕಿಂತ ಬೇಗ ಸವೆಯುತ್ತದೆ. ಹವಳದ ತೊಟ್ಟಿಯ ಟ್ಯೂಬುಗಳಲ್ಲಿ ನೀಲಿಯದೇ ಮೇಲುಗೈ. ಹಾಗಾಗಿ ಹಳೆಯದರ ಪಕ್ಕ ಹೊಸದು ತೀರ ನೀಲಿಯಾಗಿ ಕಂಡರೆ ಆಶ್ಚರ್ಯವಿಲ್ಲ. ಪಾಚಿಗಳ ದ್ಯುತಿಸಂಶ್ಲೇಷಣೆಗೆ ನೀಲಿ ಬೆಳಕೇ ಬಲು ಪ್ರಿಯ. ಅಂದರೆ ಕಣ್ಣಳತೆಯ ಲೆಕ್ಕಕ್ಕಿಂತ ಹವಳಕ್ಕೆ ಬೀಳುವ ಪೆಟ್ಟು ದೊಡ್ಡದೇ ಇರಬಹುದು.

ಹಾಗಾದರೆ ಏನು ಮಾಡಬೇಕು? ಹವಳವನ್ನು ಪಳಗಿಸಬೇಕು. ನಾಲ್ಕಾರು ಟ್ಯೂಬುಗಳಿದ್ದರೆ ಎಲ್ಲವನ್ನೂ ಒಂದೇ ದಿನ ಬದಲಿಸದೆ, ವಾರಕ್ಕೊಂದು ಎರಡು ವಾರಕ್ಕೊಂದು ಬದಲಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸರಳ ದಾರಿ, ಇದಕ್ಕೆ ಯಾವ ಸಲಕರಣೆಯೂ ಬೇಡ. ಎಲ್ಲವನ್ನೂ ಒಟ್ಟಿಗೆ ಬದಲಿಸಲೇಬೇಕಾದರೆ ದೀಪದ ಚೌಕಟ್ಟನ್ನು ಎತ್ತರಿಸಿ ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಸಬಹುದು. ಇಲ್ಲವೇ ತೊಟ್ಟಿಯ ಮೇಲೆ ಸೊಳ್ಳೆ ಜಾಲರಿಯಂಥ ಪ್ಲಾಸ್ಟಿಕ್ ಬಲೆಯನ್ನು ಮೂರ್ನಾಲ್ಕು ಪದರ ಹಾಸಿ, ಕೆಲವು ದಿನಗಳಿಗೊಮ್ಮೆ ಒಂದೊಂದನ್ನೇ ತೆಗೆಯಬಹುದು. ಬೆಳಕಿನ ಅವಧಿಯನ್ನು ಹತ್ತರಿಂದ ಆರು ಗಂಟೆಗೆ ಇಳಿಸುವವರೂ ಇದ್ದಾರೆ. ಇದರಿಂದ ದಿನದ ಒಟ್ಟು ಬೆಳಕು ಕಡಿಮೆಯಾಗುತ್ತದೆ ನಿಜ, ಆದರೆ ಆ ಆರು ಗಂಟೆ ಬೀಳುವ ಬೆಳಕಿನ ತೀವ್ರತೆ ಮೊದಲಿನಷ್ಟೇ ಇರುತ್ತದೆ. ಇದೊಂದನ್ನೇ ನೆಚ್ಚಿಕೊಂಡರೆ ಸಾಲದು.

ಇದನ್ನೋದಿ ಮನೆಯಲ್ಲೇ ಹವಳ ಸಾಕುವ ಆಸೆ ಹುಟ್ಟಿದ್ದರೆ ಒಂದು ಮಾತು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ರಕ್ಷಣೆ ಇದೆ. ಅವನ್ನು ಸಮುದ್ರದಿಂದ ಕಿತ್ತು ತರುವುದಾಗಲಿ ಮಾರುವುದಾಗಲಿ ಅಪರಾಧ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳಗಳಿಗೂ ಇದು ಅನ್ವಯಿಸುತ್ತದೆ.

ಹೊರದೇಶದ ಹವ್ಯಾಸಿಗಳೂ ಈಗ ಹೆಚ್ಚಾಗಿ ಎಲ್‌ಇಡಿ ಕಡೆ ಹೊರಳಿದ್ದಾರೆ. ಎಲ್‌ಇಡಿಯಲ್ಲಿ ಪಾದರಸವಿಲ್ಲ, 100 ಗಂಟೆಯ ಶಾಸ್ತ್ರವೂ ಇಲ್ಲ. ಆದರೆ ಅಂಥ ಹಲವು ದೀಪಗಳ ನಿಯಂತ್ರಕದಲ್ಲಿ, ಕಡಿಮೆ ಬೆಳಕಿನಿಂದ ಶುರುಮಾಡಿ ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸುವ ಒಂದು ಆಯ್ಕೆಯನ್ನು ತಯಾರಕರೇ ಇಟ್ಟಿರುತ್ತಾರೆ.