ಮನೆಯಾಕೆಯ ಅಕ್ಷರ

ನಮ್ಮ ಮನೆಯಲ್ಲಿ ಒಂದು ಹಾಡಿನ ಪುಸ್ತಕವಿದೆ. ಆರತಿಯ ಹಾಡು, ಹಸೆಯ ಹಾಡು, ತೊಟ್ಟಿಲ ಹಾಡು ಎಂದು ಮೂವತ್ತೈದು ವರುಷಗಳಿಂದ ಮನೆಯಾಕೆಯು ಒಂದೊಂದಾಗಿ ಬರೆದಿಟ್ಟುದು. ಎರಡು ವರುಷಗಳ ಹಿಂದೆ ಆಕೆಯ ಬಲಗೈಗೆ ನಡುಕ ಹತ್ತಿತು. ಅಲ್ಲಿಂದೀಚೆಗೆ ಕಡೆಯ ಹಾಳೆಗಳು ಬರಿದಾಗಿವೆ. ಬಾಯಲ್ಲಿರುವ ಹಾಡುಗಳು ಇನ್ನೂ ಬಹಳವಿರಲು, ಆಕೆಯ ಅಕ್ಷರಗಳನ್ನೇ ಅಚ್ಚಿನ ಮೊಳೆಗಳನ್ನಾಗಿ ಮಾಡಿ, ಆಕೆ ಹೇಳಿದುದನ್ನು ಆಕೆಯ ಬರಹದಲ್ಲಿಯೇ ಮುದ್ರಿಸಿಡಬೇಕೆಂದು ನಾವು ಸಂಕಲ್ಪಿಸಿದೆವು. ಹಿಂದಾದರೆ ಇದಕ್ಕೆ ಸೀಸ ಕರಗಿಸುವವರೂ ಅಚ್ಚು ಕೊರೆಯುವವರೂ ಬೇಕಾಗುತ್ತಿದ್ದರು. ಈಗ ಮಗನು ಬಿಟ್ಟುಹೋದ ಹಳೆಯ ಕಂಪ್ಯೂಟರೊಂದು ಸಾಕು, ಸಾಲದಿದ್ದರೆ ಸಾಕುಮಾಡಿಕೊಳ್ಳಬೇಕು. ಈ ಸಾಕುಮಾಡಿಕೊಳ್ಳುವ ವಿಚಾರವನ್ನೇ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮಗನು ಅದರಲ್ಲಿ ಹಾಕಿಕೊಟ್ಟುದು ಫಾಂಟ್‌ಫೋರ್ಜ್ ಎಂಬ ತಂತ್ರಾಂಶ. ಜಾರ್ಜ್ ವಿಲಿಯಮ್ಸ್ ಎಂಬವರು 2000ದಲ್ಲಿ ಬೇರೊಂದು ಹೆಸರಿನಿಂದ ಹೊರತಂದುದಕ್ಕೆ 2004ರಲ್ಲಿ ಈ ಹೆಸರು ಬಂದಿತು. ಕಾಸು ಕೊಡಬೇಕಾದುದಿಲ್ಲ. ಪಾಣಿನೀಯವನ್ನು ಓದಿದವರಿಗೆ ಅಧಿಕಾರಸೂತ್ರವೆಂದರೇನೆಂಬುದು ತಿಳಿದಿದೆಯಷ್ಟೆ: ಒಮ್ಮೆ ಹೇಳಿದರಾಯಿತು, ಮುಂದಿನ ಸೂತ್ರಗಳಲ್ಲೆಲ್ಲ ಅದು ತಾನಾಗಿ ನಡೆದುಬರುವುದು. ಈ ತಂತ್ರಾಂಶದ ಫೈಲ್ ಪಟ್ಟಿಯಲ್ಲಿ ಪ್ರಿಫರೆನ್ಸಸ್ ಎಂಬ ಪೆಟ್ಟಿಗೆಯೊಂದಿದೆ; ಅದೂ ಅಂತಹುದೇ. ಅದನ್ನು ಮೊದಲು ಓದಿಕೊಂಡು ಆಮೇಲೆ ಕೆಲಸಕ್ಕೆ ಕೈಯಿಡಬೇಕು. ವ್ಯಾಕರಣವನ್ನು ಮೂವತ್ತು ವರುಷ ಪಾಠ ಹೇಳಿದ ನಾವೇ ಓದದೆ ಕೈಯಿಟ್ಟೆವು.

ಮೊದಲ ದಿನ ಹೊಸ ಫಾಂಟೊಂದನ್ನು ತೆರೆಯಲು ಇಂಗ್ಲಿಷಿನ ಅಕ್ಷರಗಳಿಗೆ ಮಾತ್ರ ಮನೆಗಳು ಕಂಡವು. ಕನ್ನಡಕ್ಕೆ ಎಡೆಯೇ ಇಲ್ಲ. ದಿನವೆಲ್ಲ ಹುಡುಕಿ ಸಂಜೆ ಮಗನಿಗೆ ಫೋನು ಮಾಡಿದೆವು. "ಅಪ್ಪಾ, ಎನ್‌ಕೋಡಿಂಗನ್ನು ಯೂನಿಕೋಡಿಗೆ ಬದಲಾಯಿಸಿ" ಎಂದನು. ಬದಲಾಯಿಸಿದೊಡನೆ ಅರುವತ್ತೈದು ಸಾವಿರಕ್ಕೆ ಮೇಲ್ಪಟ್ಟ ಮನೆಗಳು ತೆರೆದವು. ಅವುಗಳಲ್ಲಿ ಕನ್ನಡದ ಕೇರಿ 128 ಮನೆಗಳದು, 0ಸಿ80ರಿಂದ ಮೊದಲು. ಕಕಾರದ ಮನೆ 0ಸಿ95. ಹೊಸ ಫಾಂಟುಗಳು ಮೊದಲಿಗೇ ಹೀಗೆ ತೆರೆಯುವಂತೆ ಪ್ರಿಫರೆನ್ಸಸ್‌ನಲ್ಲಿ ಒಮ್ಮೆ ಹೇಳಿಟ್ಟರೆ ಈ ಅಲೆದಾಟವಿಲ್ಲ. ಒತ್ತಕ್ಷರಗಳಿಗೆ ಯೂನಿಕೋಡಿನಲ್ಲಿ ಸ್ವಂತ ಮನೆಯಿಲ್ಲವಾದುದರಿಂದ ಅವುಗಳಿಗೆ ಕಡೆಯಲ್ಲಿ ಬೇರೆ ಮನೆಗಳನ್ನು ಕಟ್ಟಿಕೊಡಬೇಕು.

ಅಕ್ಷರವನ್ನು ಬರೆಯುವ ಚೌಕವನ್ನು ತಂತ್ರಾಂಶವು 1000 ಭಾಗ ಮಾಡಿ, ಗೆರೆಯ ಮೇಲೆ 800, ಕೆಳಗೆ 200 ಎಂದು ಹಂಚಿರುತ್ತದೆ. ಇಂಗ್ಲಿಷಿಗೆ ಇದು ಸರಿ. ಒತ್ತನ್ನು ಕೆಳಗೆ ತೂಗಿಸುವ ನಮ್ಮ ಲಿಪಿಗೆ 200 ಎಲ್ಲಿ ಸಾಕು? ನಾವು 600, 400 ಎಂದು ಮಾಡಿಕೊಂಡೆವು. ಇದನ್ನು ಮಾತ್ರ ಪ್ರಿಫರೆನ್ಸಸ್‌ನಲ್ಲಿ ಮಾಡಬಾರದು. ಎಲಿಮೆಂಟ್ ಪಟ್ಟಿಯ ಫಾಂಟ್ ಇನ್‌ಫೋದಲ್ಲಿ ಆಯಾ ಫಾಂಟಿಗೆ ಮಾಡಬೇಕು.

ಪುಸ್ತಕದ ಪುಟಗಳನ್ನು ಸ್ಕ್ಯಾನು ಮಾಡಿಸಿ ಚಿತ್ರಗಳನ್ನು ಅಕ್ಷರದ ಹಿಂಬದಿಗೆ ಹಾಕಿಕೊಂಡು, ಅದರ ಮೇಲೆ ಗೆರೆಯೆಳೆಯುವುದು ನಮ್ಮ ಪದ್ಧತಿ. ಮೊದಲು ಬಣ್ಣದ ಇಡೀ ಪುಟವನ್ನೇ ಪ್ರತಿಯೊಂದು ಮನೆಗೂ ಹಾಕಿದೆವು. ಹತ್ತು ಅಕ್ಷರವಾಗುವಷ್ಟರಲ್ಲಿ ಹಳೆಯ ಯಂತ್ರವು ಏದುಸಿರು ಬಿಡತೊಡಗಿತು. ಒಂದೊಂದು ಅಕ್ಷರವನ್ನು ಬೇರೆ ಬೇರೆ ಕತ್ತರಿಸಿ, ಕಪ್ಪು ಬಿಳುಪು ಮಾಡಿ ಹಾಕಲು ಸಲೀಸಾಯಿತು. ಮಾಡಿದುದನ್ನು ರದ್ದುಪಡಿಸುವ ಅನ್‌ಡೂವಿಗೂ ಒಂದು ಮಿತಿಯಿಡಬಹುದು. ಮಿತಿಯಿಲ್ಲದೆ ಬಿಟ್ಟರೆ ಅದೂ ಯಂತ್ರದ ನೆನಪನ್ನು ತಿನ್ನುತ್ತದೆ.

ನಮಗೆ ಕಣ್ಣು ಮಬ್ಬು. ಗೆರೆಯ ಮೇಲಿನ ಚುಕ್ಕೆಗಳನ್ನು ಮೌಸಿನಿಂದ ಹಿಡಿಯಲಾಗುತ್ತಿರಲಿಲ್ಲ. ಸ್ನ್ಯಾಪ್ ಡಿಸ್ಟನ್ಸ್ ಎಂಬ ಅಂಕೆಯನ್ನು ಹೆಚ್ಚಿಸಿದರೆ ಮೌಸು ಹತ್ತಿರ ಬಂದೊಡನೆ ಚುಕ್ಕೆಗೆ ತಾನೇ ಅಂಟಿಕೊಳ್ಳುವುದೆಂದು ತಿಳಿದು, ಅದನ್ನು ಧಾರಾಳವಾಗಿ ಹೆಚ್ಚಿಸಿದೆವು. ಕೆಲಸ ಚುರುಕಾಯಿತು. ಎಂಟು ದಿನಗಳಲ್ಲಿ ಇಪ್ಪತ್ತು ವ್ಯಂಜನಗಳು ಮುಗಿದವು. ಮುದ್ರಿಸಿ, ಬಹುಮಾನ ಪಡೆದ ಹುಡುಗನಂತೆ ಒಯ್ದು ತೋರಿಸಿದೆವು. ಆಕೆ ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ಅಚ್ಚಿನ ಅಕ್ಷರ ಕಣ್ರೀ, ನನ್ನದಲ್ಲ. ನನ್ನ ತಲೆಕಟ್ಟು ಬಲಕ್ಕೆ ಸ್ವಲ್ಪ ಏರುತ್ತೆ. ಇಷ್ಟು ವರ್ಷ ನಿಮಗೆ ಕಾಣಲೇ ಇಲ್ಲವೇ?"

ಪುಸ್ತಕವನ್ನು ತೆರೆದು ನೋಡಲು ಮಾತು ನಿಜವೇ. ತಲೆಕಟ್ಟಿನ ಎತ್ತರಕ್ಕೆಂದು ನಾವು ಅಡ್ಡಲಾಗಿ ಒಂದು ಮಾರ್ಗದರ್ಶಕ ರೇಖೆಯನ್ನು ಎಳೆದುಕೊಂಡಿದ್ದೆವು. ಹೆಚ್ಚಿಸಿದ ಅಂಕೆಯ ದೆಸೆಯಿಂದ ಚುಕ್ಕೆಗಳು ಹಿಂಬದಿಯ ಬರಹವನ್ನು ಬಿಟ್ಟು ಆ ರೇಖೆಗೇ ಹೋಗಿ ಅಂಟಿಕೊಂಡು, ತಲೆಕಟ್ಟುಗಳೆಲ್ಲ ಸಾಲಾಗಿ ನಿಂತಿದ್ದವು. ನಮ್ಮ ಕಣ್ಣಿಗೆ ಅನುಕೂಲವಾದುದು ಆಕೆಯ ಕೈಯನ್ನು ಅಳಿಸಿತ್ತು. ಇಪ್ಪತ್ತನ್ನೂ ಮತ್ತೆ ಬರೆದೆವು. ಅಂಕೆಯನ್ನು ಇಳಿಸಿ, ಅಕ್ಷರವನ್ನೇ ದೊಡ್ಡದು ಮಾಡಿಕೊಂಡು, ಚುಕ್ಕೆಯನ್ನು ಬಾಣದ ಕೀಲಿಗಳಿಂದ ಸರಿಸುವುದು ಈಗಿನ ಕ್ರಮ. ಒಂದು ಒತ್ತಿಗೆ ಎಷ್ಟು ಭಾಗ ಸರಿಯಬೇಕು, ಶಿಫ್ಟನ್ನು ಹಿಡಿದರೆ ಎಷ್ಟು ಪಟ್ಟು ಎಂಬುದನ್ನೂ ನಾವೇ ಗೊತ್ತುಮಾಡಬಹುದು. ನಾವು ಒಂದು, ಹತ್ತು ಎಂದು ಇಟ್ಟಿದ್ದೇವೆ.

ಇನ್ನೊಂದು ಅವಿವೇಕವನ್ನೂ ಹೇಳಿಬಿಡಬೇಕು. ತಂತ್ರಾಂಶವು ಆಗಾಗ್ಗೆ ಕೆಲಸವನ್ನು ತಾನಾಗಿ ಕಾದಿಡುತ್ತದೆ. ಯಂತ್ರವು ನಿಧಾನವೆಂದು ಅದರ ಅಂಕೆಯನ್ನು ಸೊನ್ನೆ ಮಾಡಿದ್ದೆವು. ಸೊನ್ನೆಯೆಂದರೆ ಕಾದಿಡುವುದೇ ಬೇಡವೆಂದು ಅರ್ಥ. ಒಂದು ಇರುಳು ಮಳೆಯಲ್ಲಿ ಕರೆಂಟು ಹೋಗಿ ಏಳು ಒತ್ತಕ್ಷರಗಳು ಹೋದವು. ಅಂಕೆಯನ್ನು ಮರುದಿನವೇ ಸರಿಪಡಿಸಿದೆವು.

ಪುಸ್ತಕವನ್ನೆಲ್ಲ ಶೋಧಿಸಿದರೂ ಝಕಾರವು ದೊರೆಯಲಿಲ್ಲ. ಹಾಡುಗಳಲ್ಲಿ ಅದರ ಸಂದರ್ಭವೇ ಬಂದಿರಲಿಲ್ಲ. ಬೇರೆಯ ಅಕ್ಷರಗಳ ತುಂಡುಗಳಿಂದ ಕೂಡಿಸಿಬಿಡೋಣವೆಂದಿದ್ದೆವು. ಆಕೆ ಒಪ್ಪಲಿಲ್ಲ. ಕಾಗದವನ್ನು ಎಡಗೈಯಿಂದ ಅದುಮಿ ಹಿಡಿದು ಐದು ಸಲ ಬರೆದಳು. ನಾವು ನಾಲ್ಕನೆಯದನ್ನು ತೆಗೆದುಕೊಂಡೆವು.