ಈಜುಕೊಳದ ಬಾಗಿಲು ಯಾರಿಗೆ ತೆರೆದಿದೆ?

2024ರ ನವೆಂಬರ್ 17ರಂದು ಉಳ್ಳಾಲ ಸಮೀಪದ ಸೋಮೇಶ್ವರದಲ್ಲಿರುವ ಖಾಸಗಿ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಒಬ್ಬಾಕೆ ಆಳಕ್ಕೆ ಜಾರಿದಾಗ ಇನ್ನೊಬ್ಬಾಕೆ ರಕ್ಷಿಸಲು ಮುಂದಾದಳು. ಅವರಿಬ್ಬರಿಗೆ ನೆರವಾಗಲು ಹೋದ ಮೂರನೆಯವಳೂ ಮೇಲೆ ಬರಲಿಲ್ಲ. ಈ ಸುದ್ದಿಯ ಬಿಸಿ ಆರುವ ಮೊದಲೇ, ಡಿಸೆಂಬರ್ 10ರಂದು, ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಕಡಲು ಸೆಳೆದೊಯ್ದಿತು. ಆ ಬಳಿಕ ನಡೆದುದೆಲ್ಲ ವಾಡಿಕೆಯಂತೆಯೇ ನಡೆಯಿತು. ರೆಸಾರ್ಟ್‌ಗೆ ಬೀಗ ಬಿತ್ತು. ಶಿಕ್ಷಕರ ಬಂಧನವಾಯಿತು. ಕಡಲ ತೀರಕ್ಕೆ ಪ್ರವೇಶ ನಿಷೇಧಿಸಲಾಯಿತು. ಹೊಣೆಗಾರರನ್ನು ಪ್ರಶ್ನಿಸಬೇಕಾದುದು ನ್ಯಾಯವೇ. ಆದರೆ ಈ ಗದ್ದಲದ ನಡುವೆ ಕೇಳಲೇಬೇಕಿದ್ದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಈ ನಾಡಿನ ಹೆಣ್ಣುಮಕ್ಕಳಿಗೆ ಈಜು ಕಲಿಸುವ ಹೊಣೆ ಯಾರದು?

ನಿಜವಾಗಿ, ಇದು ಕೇವಲ ಅಪಘಾತದ ಪ್ರಶ್ನೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಈ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆ 38 ಸಾವಿರಕ್ಕೂ ಅಧಿಕ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ಹೀಗೆ ಪ್ರಾಣ ಕಳಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುವಿಕೆ ತಡೆಯ ದಿನವೆಂದು ಘೋಷಿಸಿತು. ಆ ದಿನ ಬಂದದ್ದೂ ಹೋದದ್ದೂ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಕರಾವಳಿಯವರಾದ ನಾವು ನೀರಿನ ನಡುವೆಯೇ ಬದುಕುವವರು. ಒಂದೆಡೆ ಕಡಲು, ಇನ್ನೊಂದೆಡೆ ನೇತ್ರಾವತಿ, ಫಲ್ಗುಣಿ. ಮನೆಯಂಗಳದಲ್ಲಿ ಬಾವಿ, ತೋಟದಲ್ಲಿ ಕೆರೆ, ವರ್ಷದ ನಾಲ್ಕು ತಿಂಗಳು ಮಳೆ. ಗಂಡುಮಕ್ಕಳು ಹೇಗೋ ಹೊಳೆಗೆ ಹಾರಿ, ಒಂದಿಷ್ಟು ನೀರು ಕುಡಿದು, ಅಣ್ಣಂದಿರ ಬೈಗುಳ ತಿಂದು ಈಜು ಕಲಿಯುತ್ತಾರೆ. ಹೆಣ್ಣುಮಕ್ಕಳೋ? ಬಾವಿಯಿಂದ ನೀರು ಸೇದುವವಳು ಅವಳೇ, ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವಳೂ ಅವಳೇ. ನೀರಿನೊಂದಿಗಿನ ದುಡಿಮೆಯೆಲ್ಲ ಅವಳ ಪಾಲಿಗೆ. ನೀರಿನೊಳಗಿನ ಸ್ವಾತಂತ್ರ್ಯ ಮಾತ್ರ ಅವಳಿಗಲ್ಲ. ಈ ಹಂಚಿಕೆಯನ್ನು ಮಾಡಿದವರು ಯಾರು? ಧರ್ಮವೇ, ಪ್ರಕೃತಿಯೇ ಅಥವಾ ನಮ್ಮ ಸೋಮಾರಿತನವೇ?

ಈಜು ಎಂದರೆ ಕೇವಲ ಪ್ರಾಣರಕ್ಷಣೆಯ ವಿದ್ಯೆಯೂ ಅಲ್ಲ. ಅದು ವ್ಯಾಯಾಮಗಳಲ್ಲೇ ಅತ್ಯಂತ ಉದಾರವಾದ ವ್ಯಾಯಾಮ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಹಾಗಾಗಿ ಕೈಕಾಲುಗಳ ಪ್ರತಿಯೊಂದು ಚಲನೆಗೂ ಅದು ಪ್ರತಿರೋಧ ಒಡ್ಡುತ್ತದೆ; ಭುಜ, ಬೆನ್ನು, ಹೊಟ್ಟೆ, ತೊಡೆಗಳೆಲ್ಲ ಒಟ್ಟಿಗೆ ದುಡಿಯುತ್ತವೆ, ಉಸಿರಾಟ ಶಿಸ್ತಿಗೊಳಗಾಗುತ್ತದೆ. ಅದೇ ವೇಳೆ ನೀರು ದೇಹವನ್ನು ಹೊರುತ್ತದೆ. ಎದೆಮಟ್ಟದ ನೀರಿನಲ್ಲಿ ನಿಂತವರ ಕಾಲುಗಳ ಮೇಲೆ ಬೀಳುವುದು ದೇಹಭಾರದ ಸುಮಾರು ಮೂರನೇ ಒಂದು ಭಾಗ ಮಾತ್ರ. ಮೊಣಕಾಲು ನೋವಿನಿಂದ ನಾಲ್ಕು ಮೆಟ್ಟಿಲು ಹತ್ತಲಾಗದ, ನಡೆಯಿರಿ ಎಂದು ವೈದ್ಯರು ಹೇಳಿದರೂ ನಡೆಯಲಾಗದ ಐವತ್ತರ ತಾಯಂದಿರಿಗೆ ಇದಕ್ಕಿಂತ ಅನುಕೂಲಕರವಾದ ವ್ಯಾಯಾಮ ಬೇರೇನಿದೆ? ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಕೊಳಕ್ಕಿಳಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ದಿನವೇ ಕೊಳದ ಉದ್ದವನ್ನು ಹತ್ತು ಬಾರಿ ಅಳೆಯಬೇಕೆಂದಿಲ್ಲ. ಒಂದು ಸಲ ಈಜಿ, ದಂಡೆ ಹಿಡಿದು ಉಸಿರು ತೆಗೆದು, ಮತ್ತೊಮ್ಮೆ ಈಜಿದರೂ ಸಾಕು, ನಿಯಮಿತವಾಗಿರುವುದೇ ಮುಖ್ಯ.

ಈಗ ನಮ್ಮ ಪರಿಸ್ಥಿತಿಯನ್ನು ನೋಡೋಣ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಬಹುತೇಕ ಅರ್ಧದಷ್ಟು ಮಂದಿ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆಯನ್ನೇ ನಡೆಸುತ್ತಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇ. 42ರಷ್ಟಿದ್ದರೆ ಮಹಿಳೆಯರಲ್ಲಿ ಶೇ. 57. ಈ ಅಂತರವನ್ನು ಮಹಿಳೆಯರ ಆಲಸ್ಯವೆಂದು ಕರೆಯುವವರು ಒಮ್ಮೆ ತಮ್ಮ ಊರಿನ ಮೈದಾನವನ್ನು ನೋಡಲಿ. ಸಂಜೆಯ ಮೈದಾನ ಯಾರದು? ಮುಂಜಾನೆಯ ರಸ್ತೆ ಯಾರದು? ಮನೆಯ ಕೆಲಸ ಮುಗಿದ ಬಳಿಕ ಅವಳಿಗೆ ಉಳಿಯುವ ವೇಳೆ ಮತ್ತು ಜಾಗ ಎಷ್ಟು?

ಅಷ್ಟಕ್ಕೂ, ಸಾರ್ವಜನಿಕ ನೀರಿಗೆ ಯಾರು ಇಳಿಯಬಹುದು ಎಂಬುದು ಎಂದೂ ಕೇವಲ ನೀರಿನ ಪ್ರಶ್ನೆಯಾಗಿರಲಿಲ್ಲ. 1927ರ ಮಾರ್ಚ್ 20ರಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಕುಡಿದರು. ಅದು ಬಾಯಾರಿಕೆಗಾಗಿ ಆಗಿರಲಿಲ್ಲ. ಸಾರ್ವಜನಿಕವಾದುದರಲ್ಲಿ ತಮಗೂ ಪಾಲಿದೆ ಎಂದು ಸಾರುವುದಕ್ಕಾಗಿತ್ತು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1949ರ ಜೂನ್ 21ರಂದು ಸಾರ್ವಜನಿಕ ಈಜುಕೊಳವನ್ನು ಕಪ್ಪು ಜನಾಂಗದವರಿಗೂ ತೆರೆದಾಗ ಬಿಳಿಯರ ಗುಂಪು ಅವರ ಮೇಲೆ ಹಲ್ಲೆ ನಡೆಸಿತು. 1964ರಲ್ಲಿ ಸೇಂಟ್ ಆಗಸ್ಟೀನ್‌ನ ಹೋಟೆಲೊಂದರ ಕೊಳಕ್ಕೆ ಕಪ್ಪು ಮತ್ತು ಬಿಳಿಯ ಪ್ರತಿಭಟನಕಾರರು ಒಟ್ಟಾಗಿ ಇಳಿದಾಗ ಅದರ ವ್ಯವಸ್ಥಾಪಕ ನೀರಿಗೆ ಆಮ್ಲ ಸುರಿದ. ಮಿಸಿಸಿಪಿಯ ಜಾಕ್ಸನ್ ನಗರದ ಆಡಳಿತವಂತೂ ಎಲ್ಲರಿಗೂ ತೆರೆಯುವ ಬದಲು ಈಜುಕೊಳಗಳನ್ನೇ ಮುಚ್ಚಿಬಿಟ್ಟಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ದ್ವೇಷ ಎಂಬುದು ಎಷ್ಟು ಮೂರ್ಖ ಎಂದರೆ, ನೆರೆಯವ ಈಜಬಾರದೆಂದು ತನ್ನ ಮಕ್ಕಳ ಕೊಳವನ್ನೂ ಅದು ಬತ್ತಿಸುತ್ತದೆ.

ಈ ಶತಮಾನದಲ್ಲಿ ಅದೇ ಪ್ರಶ್ನೆ ಬೇರೊಂದು ಉಡುಪು ತೊಟ್ಟು ಬಂದಿದೆ. ಲೆಬನಾನ್ ಮೂಲದ ಆಸ್ಟ್ರೇಲಿಯಾದ ವಿನ್ಯಾಸಗಾರ್ತಿ ಅಹೆದಾ ಝನೆಟ್ಟಿ ಅವರು 2004ರಲ್ಲಿ ಮೈಮುಚ್ಚುವ ಈಜುಡುಪೊಂದನ್ನು ರೂಪಿಸಿದರು. ಅದಕ್ಕೆ ಬುರ್ಕಿನಿ ಎಂದು ಹೆಸರಾಯಿತು. ಮನೆಯಲ್ಲೇ ಉಳಿದಿದ್ದ ಹೆಣ್ಣುಮಕ್ಕಳಿಗೆ ಅದು ಕಡಲಿನ ದಾರಿ ತೋರಿಸಿತು. ಆದರೆ 2016ರ ಬೇಸಗೆಯಲ್ಲಿ ಫ್ರಾನ್ಸಿನ ಹಲವು ಕರಾವಳಿ ಪಟ್ಟಣಗಳು ಅದನ್ನು ನಿಷೇಧಿಸಿದವು. ಅಂಥದ್ದೊಂದು ನಿಷೇಧವನ್ನು ಅಲ್ಲಿನ ಅತ್ಯುನ್ನತ ಆಡಳಿತಾತ್ಮಕ ನ್ಯಾಯಾಲಯ ಆಗಸ್ಟ್ 26ರಂದು ತಡೆಹಿಡಿಯಿತಾದರೂ, 2022ರಲ್ಲಿ ಗ್ರೆನೋಬಲ್ ನಗರ ತನ್ನ ಕೊಳಗಳಲ್ಲಿ ಬುರ್ಕಿನಿಗೆ ಅವಕಾಶ ಕೊಟ್ಟಾಗ ಅದೇ ನ್ಯಾಯಾಲಯ ಆ ಅವಕಾಶವನ್ನು ತಡೆಯಿತು. ಮಹಿಳೆಯ ವಿಮೋಚನೆಯ ಹೆಸರಿನಲ್ಲಿ ಮಹಿಳೆಯನ್ನೇ ನೀರಿನಿಂದ ಹೊರಗಟ್ಟುವ ಈ ತರ್ಕವನ್ನು ಏನೆಂದು ಕರೆಯೋಣ?

ಹಾಗಂತ, ಫ್ರಾನ್ಸಿನತ್ತ ಬೆರಳು ತೋರಿಸಿ ನಿರಾಳರಾಗುವಂತಿಲ್ಲ. ಅಲ್ಲಿ ಸರಕಾರ ಮಾಡಿದ್ದನ್ನು ಇಲ್ಲಿ ನಮ್ಮದೇ ಮನೆಗಳು ಸದ್ದಿಲ್ಲದೆ ಮಾಡುತ್ತಿವೆ. ಮಗಳಿಗೆ ಈಜು ಕಲಿಸೋಣ ಎಂದರೆ 'ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಮರ್ಯಾದೆಯ ಮಾತು ಬಂದಾಗ ಧರ್ಮವನ್ನು ಮುಂದೆ ಮಾಡುವವರು, ಧರ್ಮ ಈ ಬಗ್ಗೆ ಏನು ಹೇಳಿದೆಯೆಂದು ನೋಡುವ ಗೋಜಿಗೆ ಹೋಗುವುದಿಲ್ಲ. ಮನುಷ್ಯನ ವ್ಯರ್ಥ ವಿನೋದಗಳ ಸಾಲಿಗೆ ಸೇರದ ನಾಲ್ಕು ಕಾರ್ಯಗಳನ್ನು ಹೇಳುವ ಹದೀಸೊಂದನ್ನು ಇಮಾಮ್ ನಸಾಈ ವರದಿ ಮಾಡಿದ್ದಾರೆ. ಈಜು ಕಲಿಯುವುದು ಆ ನಾಲ್ಕರಲ್ಲೊಂದು. ಲಜ್ಜೆ ಕೂಡಾ ಮೌಲ್ಯವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಪುರುಷನಿಗೂ ಸ್ತ್ರೀಗೂ ಸಮಾನವಾದ ಮೌಲ್ಯ. ಲಜ್ಜೆಯನ್ನು ಕಾಪಾಡುತ್ತಲೇ ಕೊಳಕ್ಕಿಳಿಯುವ ದಾರಿಯನ್ನು ಹುಡುಕಬೇಕೇ ಹೊರತು ಕೊಳದ ಬಾಗಿಲನ್ನೇ ಮುಚ್ಚುವುದಲ್ಲ.

ಅಂಥ ದಾರಿಯನ್ನು ಕಂಡುಕೊಂಡವರಿದ್ದಾರೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಝಾಂಜಿಬಾರ್ ದ್ವೀಪದಲ್ಲಿ ಸುತ್ತಲೂ ಕಡಲಿದ್ದರೂ ಹೆಣ್ಣುಮಕ್ಕಳು ಈಜುವ ವಾಡಿಕೆಯಿರಲಿಲ್ಲ. ಅಲ್ಲಿನ ಪಂಜೆ ಯೋಜನೆಯು ಅವರಿಗೆ ಮೈಮುಚ್ಚುವ ಈಜುಡುಪು ಒದಗಿಸಿ, ಈಜು ಕಲಿಸತೊಡಗಿತು. ಕಲಿತ ಹುಡುಗಿಯರು ಇತರರಿಗೆ ಕಲಿಸಿದರು. ಬಾಂಗ್ಲಾದೇಶದಲ್ಲಿ ಊರಿನ ಕೆರೆಗಳಿಗೇ ಬಿದಿರಿನ ಅಟ್ಟಣಿಗೆ ಇಳಿಸಿ ಗಂಡು ಹೆಣ್ಣೆನ್ನದೆ ಮಕ್ಕಳಿಗೆ ಈಜು ಕಲಿಸಲಾಯಿತು; ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವವರ ಪ್ರಮಾಣ ಗಣನೀಯವಾಗಿ ಇಳಿದುದನ್ನು ಅಧ್ಯಯನ ದೃಢಪಡಿಸಿತು. ಅಮೃತಶಿಲೆಯ ಕೊಳವೇ ಬೇಕೆಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ? ಇನ್ನು, ಸಿರಿಯಾದ ಯುಸ್ರಾ ಮರ್ದಿನಿಯನ್ನು ನೆನಪಿಸಿಕೊಳ್ಳಿ. 2015ರ ಆಗಸ್ಟ್‌ನಲ್ಲಿ ನಿರಾಶ್ರಿತರಿದ್ದ ದೋಣಿಯ ಇಂಜಿನ್ ಏಜಿಯನ್ ಸಮುದ್ರದ ಮಧ್ಯೆ ಕೈಕೊಟ್ಟಾಗ ಆಕೆ ಮತ್ತು ಆಕೆಯ ಅಕ್ಕ ನೀರಿಗಿಳಿದು, ಗಂಟೆಗಳ ಕಾಲ ಈಜಿ, ದೋಣಿ ದಡ ಸೇರಲು ನೆರವಾದರು. ಮರುವರ್ಷವೇ ರಿಯೋ ಒಲಿಂಪಿಕ್ಸ್‌ನಲ್ಲಿ ಆಕೆ ನಿರಾಶ್ರಿತರ ತಂಡದಲ್ಲಿ ಈಜಿದಳು. ಆ ಹೆಣ್ಣುಮಕ್ಕಳಿಗೆ ಈಜು ಕಲಿಸಿದ್ದು ಅವರ ತಂದೆ. ದಮಾಸ್ಕಸ್‌ನ ಆ ತಂದೆ 'ಹೆಣ್ಣುಮಕ್ಕಳಿಗೆ ಅದೆಲ್ಲ ಯಾಕೆ' ಎಂದಿದ್ದರೆ ಆ ದೋಣಿಯ ಗತಿ ಏನಾಗುತ್ತಿತ್ತು?

ಆದ್ದರಿಂದ ನಮ್ಮ ಬೇಡಿಕೆ ಎರಡು ಕಡೆಗೆ ಹೋಗಬೇಕಿದೆ. ಮೊದಲನೆಯದು, ಆಡಳಿತದ ಕಡೆಗೆ. ಮಂಗಳೂರಿನ ಲೇಡಿಹಿಲ್‌ನಲ್ಲಿ ಪಾಲಿಕೆಯ ಮಂಗಳಾ ಈಜುಕೊಳವಿದೆ. 2023ರಲ್ಲಿ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಅಂತಾರಾಷ್ಟ್ರೀಯ ದರ್ಜೆಯ ಈಜುಕೊಳ ಉದ್ಘಾಟನೆಗೊಂಡಿತು. ಇವು ಜನರ ತೆರಿಗೆಯ ಹಣದಿಂದಾದ ಕೊಳಗಳು. ಇಂಥ ಪ್ರತಿಯೊಂದು ಸಾರ್ವಜನಿಕ ಕೊಳದಲ್ಲೂ ಮಹಿಳೆಯರಿಗೆ ಪ್ರತ್ಯೇಕ ವೇಳೆ ಇರಬೇಕು. ಅದೂ ಗೃಹಿಣಿಗೂ ಉದ್ಯೋಗಸ್ಥೆಗೂ ಶಾಲಾ ಬಾಲಕಿಗೂ ಒಗ್ಗುವ ವೇಳೆ. ಆ ವೇಳೆಯಲ್ಲಿ ತರಬೇತುದಾರರೂ ಜೀವರಕ್ಷಕರೂ ಮಹಿಳೆಯರೇ ಆಗಿರಬೇಕು. ಕೂಲಿಕಾರನ ಮಗಳಿಗೂ ಎಟಕುವ ಶುಲ್ಕವಿರಬೇಕು. ಇದು ಪ್ರತ್ಯೇಕತಾವಾದವಲ್ಲವೇ ಎಂದು ಕೆಲವರು ಕೇಳಿಯಾರು. ಬಸ್ಸಿನಲ್ಲಿ ಮಹಿಳೆಯರಿಗೆ ಆಸನ ಮೀಸಲಿಟ್ಟಿರುವುದು ಪ್ರತ್ಯೇಕತಾವಾದವೇ? ಈ ವೇಳೆ ಒಂದು ಧರ್ಮದವರಿಗಲ್ಲ, ಎಲ್ಲ ಮಹಿಳೆಯರಿಗೆ. ಅಪರಿಚಿತ ಪುರುಷರ ನಡುವೆ ಈಜಲು ಸಂಕೋಚಪಡುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಮಿಶ್ರ ವೇಳೆಯಲ್ಲಿ ಈಜಬಯಸುವವರಿಗೂ ಇದರಿಂದ ಅಡ್ಡಿಯಿಲ್ಲ.

ಮೈಮುಚ್ಚುವ ಉಡುಪಿನಿಂದ ಕೊಳದ ಶುಚಿತ್ವ ಕೆಡುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಶುಚಿತ್ವದ ಪ್ರಶ್ನೆ ಇರುವುದು ಬಟ್ಟೆಯ ಉದ್ದದಲ್ಲಲ್ಲ, ಅದರ ಗುಣದಲ್ಲಿ. ಹತ್ತಿಯ ಚೂಡಿದಾರ್ ನೀರು ಹೀರಿ ಭಾರವಾಗುತ್ತದೆ, ಕೈಕಾಲುಗಳಿಗೆ ಸುತ್ತಿಕೊಳ್ಳುತ್ತದೆ. ಅದನ್ನು ತೊಟ್ಟು ಕೊಳಕ್ಕಿಳಿಯುವುದು ಅಪಾಯಕಾರಿ. ನೈಲಾನ್ ಅಥವಾ ಪಾಲಿಯೆಸ್ಟರ್‌ನಿಂದ ಹೊಲಿದ, ಮೈಗೊಪ್ಪುವ ಈಜುಡುಪು ಹಾಗಲ್ಲ. ಅದು ಮೊಣಕಾಲಿನ ತನಕವಿರಲಿ, ಹಿಮ್ಮಡಿಯ ತನಕವಿರಲಿ, ವ್ಯತ್ಯಾಸವೇನು? ನಿಜವಾಗಿ ಕೊಳವನ್ನು ಕೆಡಿಸುವುದು ಮಿಂದು ಇಳಿಯದವರ ಬೆವರು ಮತ್ತು ಮೂತ್ರ. ಈಜುಕೊಳದ ಬಳಿ ಕಣ್ಣುರಿಸುವ ಕಟುವಾಸನೆ ಬರುವುದು ಇವು ಕ್ಲೋರಿನ್‌ನೊಂದಿಗೆ ಬೆರೆತಾಗಲೇ. ಕೊಳಕ್ಕಿಳಿಯುವ ಮುನ್ನ ಮೀಯಬೇಕೆಂಬ ನಿಯಮವನ್ನು ಎಲ್ಲರಿಗೂ ಕಟ್ಟುನಿಟ್ಟಾಗಿ ಅನ್ವಯಿಸಲಿ. ಶುಚಿತ್ವವನ್ನೇ ಬದುಕಿನ ಭಾಗವಾಗಿಸಿಕೊಂಡ ಸಮುದಾಯ ಅದನ್ನು ಮೊದಲು ಸ್ವಾಗತಿಸಬೇಕು.

ಎರಡನೆಯ ಬೇಡಿಕೆ ಸಮುದಾಯದ ಕಡೆಗೆ. ಮದುವೆಯ ಒಂದು ರಾತ್ರಿಯ ಅಲಂಕಾರಕ್ಕೆ ಲಕ್ಷಗಟ್ಟಲೆ ಸುರಿಯುವವರಿಗೆ ಮಗಳ ಎರಡು ತಿಂಗಳ ಈಜು ತರಬೇತಿಯ ಶುಲ್ಕ ಭಾರವಾಗಬಾರದು. ನಮ್ಮ ವಿದ್ಯಾಸಂಸ್ಥೆಗಳು ಕಟ್ಟಡದ ಮೇಲೆ ಕಟ್ಟಡ ಕಟ್ಟುತ್ತಿವೆ. ಅವುಗಳಲ್ಲಿ ಕೆಲವಾದರೂ ಸೇರಿ, ವಾರಕ್ಕೆರಡು ದಿನ ಪಾಲಿಕೆಯ ಕೊಳವನ್ನು ಗೊತ್ತುಮಾಡಿ, ವಿದ್ಯಾರ್ಥಿನಿಯರನ್ನು ಕರೆದೊಯ್ಯಲಾರವೇ? ಮಕ್ಕಳ ಜೊತೆ ತಾಯಂದಿರೂ ಇಳಿಯಲಿ. ಈಜು ಕಲಿಯಲು ವಯಸ್ಸಿನ ಮಿತಿಯಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಲೇಬೇಕು. ಕೊಳದ ಈಜು ಬೇರೆ, ಕಡಲು ಮತ್ತು ಹೊಳೆಯ ಈಜು ಬೇರೆ. ಕೊಳದಲ್ಲಿ ಗಂಟೆಗಟ್ಟಲೆ ಈಜುವವರನ್ನೂ ಕಡಲಿನ ಹಿಮ್ಮುಖ ಸೆಳೆತ ನಿಮಿಷಗಳಲ್ಲಿ ದಣಿಸಿಬಿಡುತ್ತದೆ. ಅದಕ್ಕೆ ಸಿಕ್ಕವರು ದಡದತ್ತ ಎದುರೀಜಿ ಸೋಲುತ್ತಾರೆ. ಗಾಬರಿಯಾಗದೆ ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಬಳಿಕವೇ ದಡದತ್ತ ತಿರುಗಬೇಕು. ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಡಲಿಗೂ ಹೊಳೆಗೂ ಇಳಿಯದಿರುವುದೇ ವಿವೇಕ. ಉಳಿದ ದಿನಗಳಲ್ಲೂ ಒಬ್ಬರೇ ಇಳಿಯಬಾರದು. ಜೀವರಕ್ಷಕರಿಲ್ಲದ ತೀರದಲ್ಲಿ ಇಳಿಯಬಾರದು. ಮುಳುಗುವವರನ್ನು ಕಂಡಾಗ ಹಿಂದೆಮುಂದೆ ನೋಡದೆ ಹಾರುವ ಬದಲು ಹಗ್ಗವನ್ನೋ ಕೋಲನ್ನೋ ತೇಲುವ ಡಬ್ಬವನ್ನೋ ಎಸೆಯಬೇಕು. ಈಜು ಬಲ್ಲವನಿಗೆ ಮೊದಲು ಗೊತ್ತಿರಬೇಕಾದುದು ನೀರಿನ ಬಲ.

ಕಡಲು ಯಾರ ಧರ್ಮವನ್ನೂ ಕೇಳುವುದಿಲ್ಲ, ಗಂಡೋ ಹೆಣ್ಣೋ ಎಂದು ವಿಚಾರಿಸುವುದೂ ಇಲ್ಲ. ಅದು ಕೇಳುವುದು ಒಂದೇ: ಈಜಲು ಬರುತ್ತದೆಯೇ? ಆ ಪ್ರಶ್ನೆಗೆ ನಮ್ಮ ಹೆಣ್ಣುಮಕ್ಕಳು ಹೌದೆಂದು ಉತ್ತರಿಸುವಂತಾಗಬೇಕಾದರೆ, ಪಾಲಿಕೆ ಕೊಳದ ಬಾಗಿಲನ್ನೂ ನಾವು ಮನೆಯ ಬಾಗಿಲನ್ನೂ ಒಟ್ಟಿಗೆ ತೆರೆಯಬೇಕು. ಒಂದು ತೆರೆದು ಇನ್ನೊಂದು ಮುಚ್ಚಿದ್ದರೆ ಪ್ರಯೋಜನವಿಲ್ಲ.