ಉಮೇದುವಾರರು ಎಲ್ಲಿಂದ ಬರುತ್ತಾರೆ?

ಚಾಮರಾಜನಗರಕ್ಕೆ ಸಮೀಪದಲ್ಲಿರುವ ಹರದನಹಳ್ಳಿಯು ತೋಂಟದ ಸಿದ್ಧಲಿಂಗ ಯತಿಗಳ ಜನ್ಮಸ್ಥಳವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿನ ದಿವ್ಯಲಿಂಗೇಶ್ವರನ ದೇವಾಲಯದಲ್ಲಿ ಪೂಜೆ ಮುಗಿದ ಮೇಲೆ ಜಗುಲಿಯ ಮೇಲೆ ಕುಳಿತು, ಸುತ್ತಣ ಹಳ್ಳಿಗಳಿಂದ ಬಂದ ಹೆಂಗಸರು ನಾಲ್ಕು ಮಾತನಾಡುವುದುಂಟು. 2020ನೆಯ ಇಸವಿಯ ಡಿಸೆಂಬರು ತಿಂಗಳ 22 ಮತ್ತು 27ನೆಯ ತಾರೀಖುಗಳಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳ ಚುನಾವಣೆ ನಡೆಯಿತಷ್ಟೆ. ಅದಾದ ಕೆಲವು ದಿನಗಳ ಮೇಲೆ ಒಂದು ಸೋಮವಾರ ನಾನೂ ಅಲ್ಲಿ ಕುಳಿತಿದ್ದೆನು. ನೆರೆಯ ಹಳ್ಳಿಯೊಂದರ ಗೃಹಿಣಿ, ವಯಸ್ಸು ಐವತ್ತನ್ನು ದಾಟಿದವಳು, ಬಹಳ ಬೇಸರದಿಂದ ಹೇಳುತ್ತಿದ್ದಳು:

“ಓಟೇನೋ ಹಾಕಿ ಬಂದೆ ಕನಕ್ಕ, ಮನಸ್ಸು ಮಾತ್ರ ಒಪ್ಪಲಿಲ್ಲ. ಹೆಂಗಸರ ಜಾಗಕ್ಕೆ ನಿಂತವರು ಇಬ್ಬರು. ಒಬ್ಬಳ ಗಂಡ ಐದು ವರುಷ ಮೆಂಬರಾಗಿದ್ದು ನಮ್ಮ ಬೀದಿಗೊಂದು ಚರಂಡಿ ಮಾಡಿಸಲಿಲ್ಲ. ಇನ್ನೊಬ್ಬಳ ಮೈದುನ ರಾತ್ರಿ ಹೊತ್ತು ಬಾಟಲಿ ಹಂಚಿದ. ಮುದ್ರೆ ಯಾರ ಮೇಲೆ ಒತ್ತಲಿ ಹೇಳು?”

ಪಕ್ಕದಲ್ಲಿ ಕುಳಿತಿದ್ದ ಅವಳ ಚಿಕ್ಕಮ್ಮ, ಹಣ್ಣುಹಣ್ಣು ಮುದುಕಿ, ಎಲೆಗೆ ಸುಣ್ಣ ಸವರುತ್ತಲೇ ಕೇಳಿದಳು: “ನಿನ್ನ ಸೊಸೆಯನ್ನು ನಿಲ್ಲಿಸಿ ಅಂತ ಬೀದಿಯವರು ಬಂದಾಗ ಬಾಗಿಲಿಂದಲೇ ಸಾಗಹಾಕಿದವಳು ನೀನೇ ಅಲ್ಲವೇನವ್ವ?”

ಗೃಹಿಣಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ನಡೆದುದನ್ನು ತಾನೇ ಹೇಳಿದಳು. ಸೊಸೆ ಹತ್ತನೆಯ ತರಗತಿ ಓದಿದವಳು. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ನಾಲ್ಕು ವರುಷದಿಂದ ಒಂದು ರೂಪಾಯಿ ತಪ್ಪದೆ ಬರೆಯುತ್ತಿದ್ದವಳು. ಆ ಕಾರಣದಿಂದಲೇ ಬೀದಿಯ ಜನ ಅವಳನ್ನು ಬಯಸಿದ್ದರು. ಮೂರು ಸಂಜೆ ಬಂದು ಕೇಳಿದರಂತೆ. “ಮರ್ಯಾದಸ್ಥರ ಮನೆಯ ಹೆಣ್ಣು ಆ ಕೆಸರಿಗೆ ಇಳಿಯಬೇಕೇ?” ಎಂದು ಅತ್ತೆ, “ದುಡ್ಡು ಎಲ್ಲಿಂದ ತರೋಣ?” ಎಂದು ಮಗ. ನಾಲ್ಕನೆಯ ಸಂಜೆ ಯಾರೂ ಬರಲಿಲ್ಲ. ನಾಮಪತ್ರದ ದಿನ ಕಳೆಯಿತು.

“ಸೊಸೆ ಏನೆಂದಳು?” ಎಂದು ನಾನು ಕೇಳಿದೆನು.

“ಅವಳನ್ನು ಯಾರು ಕೇಳಿದರು ಕನಕ್ಕ?” ಎಂದಳು ಆಕೆ.

ಉಮೇದುವಾರರು ಸರಿಯಿಲ್ಲವೆಂಬ ದೂರು ಇಂದು ಪ್ರತಿಯೊಂದು ಮನೆಯ ಪಡಸಾಲೆಯಲ್ಲಿಯೂ ಕೇಳಿಬರತಕ್ಕದ್ದೇ. ದೂರು ಸುಳ್ಳೆಂದು ನಾನು ಹೇಳಲಾರೆ. ಆದರೆ ದೊಡ್ಡ ಚುನಾವಣೆಗಳಿಗೂ ಪಂಚಾಯಿತಿಯ ಚುನಾವಣೆಗೂ ಒಂದು ಭೇದವುಂಟು. ವಿಧಾನಸಭೆಗೋ ಲೋಕಸಭೆಗೋ ಯಾರು ನಿಲ್ಲಬೇಕೆಂಬುದನ್ನು ಬಹುಮಟ್ಟಿಗೆ ಪಕ್ಷಗಳು ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ಕುಳಿತು ಗೊತ್ತುಮಾಡುತ್ತವೆ. ಅಲ್ಲಿ ನಮ್ಮಂಥವರ ಕೈ ಸಾಗದು. ಗ್ರಾಮ ಪಂಚಾಯಿತಿಯಲ್ಲಾದರೋ, ಕರ್ನಾಟಕದ 1993ರ ಪಂಚಾಯತ್ ರಾಜ್ ಕಾನೂನಿನ ಮೇರೆಗೆ ಪಕ್ಷದ ಚಿಹ್ನೆಗೆ ಅವಕಾಶವಿಲ್ಲ. ಇಪ್ಪತ್ತೊಂದು ವರುಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ನಿಲ್ಲಬಹುದು. ಠೇವಣಿಯು ನೂರಿನ್ನೂರು ರೂಪಾಯಿಯ ಮಾತು. ಹೀಗಿರಲಾಗಿ ಯೋಗ್ಯರನ್ನು ತಡೆಯತಕ್ಕ ಬಾಗಿಲು ಕಾನೂನಿನಲ್ಲಿಲ್ಲ. ಅನೇಕ ವೇಳೆ ಅದು ನಮ್ಮ ಮನೆಯ ತಲೆಬಾಗಿಲೇ ಆಗಿರುತ್ತದೆ.

ಯೋಗ್ಯರು ಒಳಗೆ ಉಳಿದಾಗ ಜಾಗವು ಖಾಲಿಯಾಗಿರುವುದಿಲ್ಲ. 2020ರ ಆ ಚುನಾವಣೆಯಲ್ಲಿ ರಾಜ್ಯದಾದ್ಯಂತ ಎಂಟು ಸಾವಿರಕ್ಕೂ ಮಿಕ್ಕು ಸದಸ್ಯರು ಅವಿರೋಧವಾಗಿ ಆರಿಸಿಬಂದರು. ಊರವರು ಕೂಡಿ ಕುಳಿತು ಒಬ್ಬ ಸಜ್ಜನನನ್ನು ಒಪ್ಪಿಕೊಂಡರೆ ಅದು ಸಂತೋಷದ ಸಂಗತಿಯೇ ಸರಿ. ಆದರೆ ಕೆಲವು ಊರುಗಳಲ್ಲಿ ಸದಸ್ಯಸ್ಥಾನವನ್ನೇ ಹರಾಜು ಕೂಗಿ, ಹೆಚ್ಚು ಹಣ ಕೊಟ್ಟವನಿಗೆ ಬಿಟ್ಟುಕೊಟ್ಟರೆಂಬ ಸುದ್ದಿಗಳು ಬಂದು, ರಾಜ್ಯ ಚುನಾವಣಾ ಆಯೋಗವು ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ಹಣ ಗುಡಿಯ ಜೀರ್ಣೋದ್ಧಾರಕ್ಕೆ ಎಂದು ಸಮಾಧಾನ ಹೇಳಿಕೊಳ್ಳುವವರುಂಟು. ಆ ಹಣವನ್ನು ಕೊಟ್ಟವನು ಐದು ವರುಷದಲ್ಲಿ ಅದನ್ನು ಎಲ್ಲಿಂದ ಹಿಂದಕ್ಕೆ ಪಡೆಯುವನೆಂದು ಯಾರೂ ಕೇಳುವುದಿಲ್ಲ.

“ಯಾರೂ ಬೇಡವೆಂದು ಒತ್ತಲು ಒಂದು ಗುಂಡಿ ಇದೆಯಲ್ಲ?” ಎಂದು ನಮ್ಮ ತರುಣರು ಹೇಳುವರು. ಉಂಟು. ಸುಪ್ರೀಂ ಕೋರ್ಟು 2013ನೆಯ ಸೆಪ್ಟೆಂಬರು 27ರಂದು ಕೊಟ್ಟ ತೀರ್ಪಿನಿಂದ ‘ನೋಟಾ’ ಎಂಬ ಆ ಸಾಲು ವಿಧಾನಸಭೆ, ಲೋಕಸಭೆಗಳ ಮತಯಂತ್ರಕ್ಕೆ ಬಂದಿತು. ಮನಸ್ಸಿನ ಅಸಮಾಧಾನವನ್ನು ಗುಟ್ಟಾಗಿ ತಿಳಿಸಲು ಅದೊಂದು ಮಾರ್ಗ. ಆದರೆ ಆ ಸಾಲಿಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ, ಉಮೇದುವಾರರಲ್ಲಿ ಮುಂದಿರುವವನೇ ಗೆದ್ದನೆಂದು ಸಾರುವರು. ಮಹಾರಾಷ್ಟ್ರ ಮತ್ತು ಹರಿಯಾಣಗಳ ಚುನಾವಣಾ ಆಯೋಗಗಳು 2018ರಲ್ಲಿ ತಮ್ಮ ಸ್ಥಳೀಯ ಚುನಾವಣೆಗಳ ಮಟ್ಟಿಗೆ, ಹಾಗಾದಲ್ಲಿ ಮರುಚುನಾವಣೆ ಆಗತಕ್ಕದ್ದೆಂದು ಆಜ್ಞೆ ಮಾಡಿದುವು. ಅದು ಒಳ್ಳೆಯದೇ, ಆದರೂ ಮರುಚುನಾವಣೆಗೆ ನಾಮಪತ್ರ ಹಾಕುವವರು ಯಾರೆಂಬ ಪ್ರಶ್ನೆ ಆಗಲೂ ನಮ್ಮ ಬಾಗಿಲಿಗೇ ಬಂದು ನಿಲ್ಲುವುದು.

ಇನ್ನು ಮತಗಟ್ಟೆಗೇ ಹೋಗದಿರುವ ಮಾರ್ಗ. ನಮ್ಮ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದ ಇಂಡಿಗನತ್ತದ ಜನರು, ಊರಿಗೆ ಮೂಲ ಸೌಕರ್ಯವಿಲ್ಲವೆಂದು ನೊಂದು, 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಅಂದು ಗಲಭೆಯಾಗಿ ಮತಯಂತ್ರ ಹಾಳಾಗಿ, 29ರಂದು ಮತ್ತೆ ಮತದಾನ ನಡೆಸಬೇಕಾಯಿತು. ಅವರ ನೋವು ನಿಜವಾದುದು. ಬೆಟ್ಟದ ದಾರಿಯಲ್ಲಿ ರೋಗಿಯನ್ನು ಹೊತ್ತು ನಡೆಯಬೇಕಾದವರನ್ನು ಬಯಲಿನಲ್ಲಿರುವ ನಾವು ಹಗುರವಾಗಿ ಆಡಿಕೊಳ್ಳಬಾರದು. ಆದರೆ ಒಂದು ಊರು ಮುನಿದು ಹಿಂದೆ ಸರಿದರೆ ಕ್ಷೇತ್ರದ ಫಲಿತಾಂಶವು ಅದಕ್ಕಾಗಿ ಕಾಯುವುದಿಲ್ಲ. ಒಂದೊಂದು ಮತದ ಬೆಲೆಯನ್ನು ನಮ್ಮ ತಾಲ್ಲೂಕಿಗೆ ಯಾರೂ ಕಲಿಸಬೇಕಾದುದಿಲ್ಲ. 2004ರಲ್ಲಿ ಇಲ್ಲಿಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳು ಬಂದುವು. ಅಂದು ಹೊಲದ ಕೆಲಸವೆಂದೋ ಬೇಸರವೆಂದೋ ಮನೆಯಲ್ಲಿ ಉಳಿದವರೆಲ್ಲರೂ ಆ ರಾತ್ರಿ ತಮ್ಮನ್ನು ತಾವು ನೆನೆದುಕೊಂಡಿರಬೇಕು.

ಯೋಗ್ಯರನ್ನು ಹುಡುಕುವ ಚಿಂತೆ ನಮಗೆ ಹೊಸದಲ್ಲ. ಕಾಂಚೀಪುರದ ಸೀಮೆಯ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ, ಪರಾಂತಕ ಚೋಳನ ಕಾಲದ ಶಾಸನಗಳಿವೆ. ಹೆಸರು ಬರೆದ ಓಲೆಗಳನ್ನು ಗಡಿಗೆಯಲ್ಲಿ ಹಾಕಿ, ಬಾಲಕನ ಕೈಯಿಂದ ತೆಗೆಯಿಸಿ ಗ್ರಾಮಸಭೆಯ ಸದಸ್ಯರನ್ನು ಗೊತ್ತುಮಾಡುತ್ತಿದ್ದರು. ಆದರೆ ಓಲೆ ಗಡಿಗೆಗೆ ಬೀಳುವ ಮುಂಚೆಯೇ ಶೋಧನೆ ನಡೆಯುತ್ತಿತ್ತು: ಹಿಂದೆ ಸದಸ್ಯನಾಗಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನೂ ಅವನ ಹತ್ತಿರದ ಬಂಧುಗಳ ಹೆಸರನ್ನೂ ಬರೆಯಕೂಡದು. ಭೂಮಿಯಿಲ್ಲದವರಿಗೂ ಹೆಂಗಸರಿಗೂ ಆ ಗಡಿಗೆಯಲ್ಲಿ ಓಲೆಯಿರಲಿಲ್ಲವೆಂಬುದನ್ನು ಮರೆಯಬಾರದು. ನಮ್ಮ ಕಾಲದಲ್ಲಿ ಆ ಬಾಗಿಲು ತೆರೆದಿದೆ. ಕರ್ನಾಟಕದಲ್ಲಿ 1983ರ ಕಾನೂನು ಪಂಚಾಯಿತಿಯ ನಾಲ್ಕನೆಯ ಒಂದು ಪಾಲನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 2010ರ ತಿದ್ದುಪಡಿಯಿಂದ ಆ ಪಾಲು ಅರ್ಧವಾಯಿತು. ಕಾನೂನು ಅರ್ಧ ಪೀಠವನ್ನು ಹಾಸಿ ಕರೆದಿರುವಾಗ, ಲೆಕ್ಕ ಬಲ್ಲ ಸೊಸೆಯನ್ನು ಅಡಿಗೆಮನೆಯಲ್ಲಿ ನಿಲ್ಲಿಸಿಕೊಂಡು, ಪೀಠದ ಮೇಲೆ ಕುಳಿತವರನ್ನು ಹಳಿಯುವುದು ನ್ಯಾಯವೇ?

ಆದಕಾರಣ ಸೋದರಿಯರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಚುನಾವಣೆಯ ವಿಚಾರವನ್ನು ಮತದಾನದ ಬೆಳಗ್ಗೆಗೆ ಬಿಡದೆ, ನಾಮಪತ್ರಕ್ಕೆ ತಿಂಗಳೊಪ್ಪತ್ತು ಮುಂಚಿತವಾಗಿಯೇ ಬೀದಿಯ ಹತ್ತು ಮನೆಯವರು ಕೂಡಿ ಮಾತನಾಡಿರಿ. ಗ್ರಾಮಸಭೆಗೆ ಹೋಗಿರಿ, ಅಲ್ಲಿ ಲೆಕ್ಕ ಕೇಳುವ ಎದೆ ಯಾರಿಗುಂಟೆಂಬುದು ತಾನಾಗಿ ಗೊತ್ತಾಗುವುದು. ಒಬ್ಬರನ್ನು ನಿಲ್ಲಿಸಿದ ಮೇಲೆ ಅವರ ಖರ್ಚನ್ನೂ ಅವರ ಮೇಲೆ ಬೀಳುವ ಮಾತನ್ನೂ ಎಲ್ಲರೂ ಹಂಚಿಕೊಳ್ಳಿರಿ. ಸೋಲೂ ಬರಬಹುದು, ನೆರೆಯವರೊಡನೆ ಮನಸ್ತಾಪವೂ ಆಗಬಹುದು. ಆ ಅತ್ತೆಯ ಹೆದರಿಕೆ ಬರಿಯ ಭ್ರಮೆಯಲ್ಲ. ಒಂಟಿ ಮನೆಯು ಆ ಭಾರವನ್ನು ಹೊರಲಾರದೆಂದೇ ಹತ್ತು ಮನೆಗಳ ಹೆಗಲು ಬೇಕಾಗಿದೆ.

ಅಂದು ಜಗುಲಿಯಿಂದ ಏಳುವಾಗ ಆ ಗೃಹಿಣಿಯು ಪ್ರಸಾದದ ಕಾಯಿಹೋಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತ ಹೇಳಿದಳು: “ಇನ್ನೊಂದು ಸಲ ಯಾರಾದರೂ ಬಂದರೆ ನಾನು ಬೇಡ ಅನ್ನಲ್ಲ, ಹೂಂ ಅಂತಲೂ ಅನ್ನಲ್ಲ ಕನಕ್ಕ. ಒಳಗೆ ಕರೆದು ಕೂರಿಸಿ, ಅವಳನ್ನೇ ಕೇಳಿ ಅಂತೀನಿ.”

ಚಿಕ್ಕಮ್ಮ ಮಾತನಾಡಲಿಲ್ಲ, ಅಡಿಕೆಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳ ಹಿಂದೆ ಮೆಟ್ಟಿಲಿಳಿದಳು.